ನೀಲವ್ವನ ಹಗ್ಗ ಹಿಡಿದವರು

ರೋಣದ ನಮ್ಮ ಓಣಿಯಲ್ಲಿ ದಿನಾ ಸುಳ್ಳು ಹೇಳಿಯೂ ಮರ್ಯಾದೆ ಉಳಿಸಿಕೊಂಡಿದ್ದ ಮನುಷ್ಯ ಅವರೊಬ್ಬರೇ. ಬೇರೆಯವರು ಸುಳ್ಳು ಹೇಳಿದರೆ ಜನ ಸಿಟ್ಟಾಗುತ್ತಿದ್ದರು. ಇವರು ಒಂದು ದಿನ ಹೇಳದಿದ್ದರೆ, “ಯಾಕ್ರಿ ಕಾಕಾ, ಮೈಯಾಗ ಆರಾಮ ಇಲ್ಲೇನ್ರಿ?” ಎಂದು ವಿಚಾರಿಸುತ್ತಿದ್ದರು. ಮಿಲಿಟರಿಯಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾಗಿ ಬಂದವರು, ಹಾಗಾಗಿ ಊರಿಗೆಲ್ಲ ಹವಾಲ್ದಾರ್ ಕಾಕಾ. ನಿಜವಾದ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಅವರ ಹೆಂಡತಿ, ಅಂದರೆ ನಮ್ಮ ಕಾಕು, “ಅಕ್ಕೋರ, ಯಜಮಾನ್ರ ಹೆಸರು ಹಾಕಿ ಊರ ಮುಂದ ನಗಸ್ತೀರೇನ್ರಿ?” ಎಂದು ಹಿತ್ತಲಗೋಡೆಯ ಆಚೆಯಿಂದಲೇ ಕೂಗುತ್ತಾರೆ. ಕಾಕು ಕೂಗಿದರೆ ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತದೆ.

ಕಳೆದ ತಿಂಗಳು ಕಾಕಾ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ, ಚೌಕಾಬಾರಾ ಆಟದಲ್ಲಿ ಕಾಕುವಿನ ಕಾಯಿ ಹೊಡೆದು, ಗೆದ್ದ ಖುಷಿಯಲ್ಲಿ “ಸ್ವಲ್ಪ ಅಡ್ಡಾಗ್ತೇನಿ” ಎಂದು ಮಲಗಿದವರು ಏಳಲಿಲ್ಲ. “ಕಾಯಿ ಕದ್ದು ಗೆದ್ದಾರ್ರಿ ಅಕ್ಕೋರ. ಸೇಡು ತೀರಿಸ್ಕೊಳ್ಳಾಕೂ ಬಿಡಲಿಲ್ಲ” ಎಂದು ಕಾಕು ಎದೆ ಬಡಿದುಕೊಂಡು ಅತ್ತರು. ಸಾವಿನ ಮನೆಯಲ್ಲಿ ನಗಬಾರದು ಅಂತಾರೆ. ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕವರು ನಾನೊಬ್ಬಳೇ ಅಲ್ಲ.

ನಾನು ಅವರ ಪಕ್ಕದ ಮನೆಯವಳು. ಊರಿನ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತ ಕಲಿಸುತ್ತ ಕಡೆಗೆ ಮುಖ್ಯೋಪಾಧ್ಯಾಯಿನಿ ಆದೆ. ಬೆಳಿಗ್ಗೆ ನಾನು ಶಾಲೆಗೆ ಹೊರಟರೆ ಕಟ್ಟೆಯ ಮೇಲೆ ಕೂತಿದ್ದ ಕಾಕಾ ಎದ್ದು ನಿಂತು, ಹಿಮ್ಮಡಿ ಜೋಡಿಸಿ, “ಜೈ ಹಿಂದ್, ಕರ್ನಲ್ ಸಾಬ್” ಎಂದು ಸೆಲ್ಯೂಟ್ ಹೊಡೆಯುತ್ತಿದ್ದರು. ಮೊದಮೊದಲು ನಾಚಿಕೆಯಾಗಿ ತಲೆ ತಗ್ಗಿಸಿ ಓಡುತ್ತಿದ್ದೆ. ಆಮೇಲೆ ಎಷ್ಟು ರೂಢಿಯಾಯಿತೆಂದರೆ, ಅವರು ಊರಲ್ಲಿಲ್ಲದ ದಿನ ಏನೋ ಮರೆತು ಬಂದೆನೆಂದು ದಾರಿಯಲ್ಲಿ ನಿಂತು ಚೀಲ ತಡಕಾಡುತ್ತಿದ್ದೆ.

ಸಣ್ಣ ಆಳು, ಜೋಳದ ದಂಟಿನಂಥ ಮೈ. ಊರೆಲ್ಲ ಬನಿಯನ್ ಮೇಲೆ ಕೂರುವ ನಮ್ಮ ಕಡೆಯ ಬೇಸಿಗೆಯಲ್ಲೂ ಅವರ ತಲೆಯ ಮೇಲೊಂದು ಉಣ್ಣೆಯ ಮಂಕಿ ಟೋಪಿ. “ಕಾಕಾ, ತಲಿ ಬೇಯಂಗಿಲ್ಲೇನ್ರಿ?” ಎಂದು ಒಮ್ಮೆ ಕೇಳಿದೆ. “ತಲಿಯೊಳಗ ಇನ್ನೂ ಹಿಮಾ ಐತ್ರಿ ಅಕ್ಕೋರ. ಟೋಪಿ ತಗದ್ರ ಕರಗಿ ಮೂಗಿನಾಗ ಇಳೀತೈತಿ” ಎಂದರು. ಅಂಗಿಯ ಕಿಸೆಯಲ್ಲಿ ಯಾವಾಗಲೂ ಬೆಲ್ಲದ ಚೂರು. ಓಣಿಯಲ್ಲಿ ಎತ್ತು, ಆಕಳು, ಕುದುರೆ ಏನೇ ಬಂದರೂ ಎಡಗಡೆಯಿಂದ ಹೋಗಿ, ಅಂಗೈ ಮೇಲೆ ಬೆಲ್ಲ ಇಟ್ಟು ಬಾಯಿಗೆ ಹಿಡಿದು, ಕಿವಿಯಲ್ಲಿ ಏನೋ ಹೇಳಿ ಕಳಿಸುತ್ತಿದ್ದರು. ಏನು ಹೇಳಿದಿರಿ ಎಂದರೆ, “ಮಿಲಿಟರಿ ಗುಟ್ಟು, ಹೊರಗ ಹೇಳಂಗಿಲ್ಲ” ಎನ್ನುತ್ತಿದ್ದರು.

ಅವರ ಯುದ್ಧದ ಕತೆಗಳಿಗೆ ದರಪಟ್ಟಿ ಇತ್ತು. ಒಂದು ಪ್ಲೇಟ್ ಮಿರ್ಚಿ ಭಜಿ ಕೊಡಿಸಿದರೆ ಕಿವಿ ಸವರಿಕೊಂಡು ಹೋದ ಗುಂಡಿನ ಕತೆ. ಎರಡು ಪ್ಲೇಟ್ ಆದರೆ ಬಾಂಬು. ಮೇಲೊಂದು ಗಿರ್ಮಿಟ್ ಬಂತೆಂದರೆ ಶತ್ರುವಿನ ಜನರಲ್ಲೇ ಬಿಳಿ ಧೋತರ ಹಿಡಿದು ಇವರ ಕಾಲಿಗೆ ಬೀಳುತ್ತಿದ್ದ. ಶತ್ರುವಿನ ಜನರಲ್‌ಗೆ ಧೋತರ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. “ಖರೇ ಹೇಳ್ರಿ ಕಾಕಾ, ಎಷ್ಟು ಮಂದೀನ್ನ ಹೊಡದ್ರಿ?” ಎಂದು ಹೋಟೆಲಿನವನು ಕೇಳಿದರೆ, “ಎಣಸ್ಕೋತ ಕುಂದ್ರಾಕ ನಾ ಏನು ಗುಮಾಸ್ತನ?” ಎಂದು ಇನ್ನೊಂದು ಭಜಿಗೆ ಕೈ ಹಾಕುತ್ತಿದ್ದರು.

ನಿಜವೇನೆಂದರೆ ಅವರು ಯಾರನ್ನೂ ಕೊಂದವರಲ್ಲ. ಮಿಲಿಟರಿಯಲ್ಲಿ ಅವರು ನೋಡಿಕೊಳ್ಳುತ್ತಿದ್ದದ್ದು ಹೇಸರಗತ್ತೆ. ಗಾಡಿ ಹೋಗದ ಹಿಮದ ಗುಡ್ಡಗಳ ಮೇಲಿನ ಠಾಣೆಗಳಿಗೆ ಅಕ್ಕಿ, ಸೀಮೆಎಣ್ಣೆ, ಮದ್ದುಗುಂಡು ಎಲ್ಲ ಹೇಸರಗತ್ತೆಯ ಬೆನ್ನ ಮೇಲೆಯೇ ಹೋಗಬೇಕು. ಹಗ್ಗ ಹಿಡಿದು ಅದರ ಜೊತೆ ನಡೆಯುವುದು ಕಾಕಾರ ಕೆಲಸ. ಇದನ್ನು ಭಜಿ ಅಂಗಡಿಯಲ್ಲಿ ಅವರು ಎಂದೂ ಹೇಳಲಿಲ್ಲ. ನನಗೆ ಹೇಳಿದವರು ಕಾಕು, ಅದೂ ದೂರು ಕೊಡುವ ಧಾಟಿಯಲ್ಲಿ.

“ಅಕ್ಕೋರ, ನೀವ ನ್ಯಾಯಾ ಹೇಳ್ರಿ. ಈ ಮನಿಶಾ ಮಿಲಿಟರಿಯೊಳಗ ಒಂದು ಕತ್ತಿಗೆ ನಮ್ಮವ್ವನ ಹೆಸರು ಇಟ್ಟಿದ್ರಂತ್ರಿ! ನೀಲವ್ವ ಅಂತ!”

ಒಳಗಿನಿಂದ ಕಾಕಾ ಕೂಗಿದರು: “ಕತ್ತಿ ಅಲ್ಲ, ಹೇಸರಗತ್ತಿ. ನಿಮ್ಮವ್ವನ ಮರ್ಯಾದಿ ನೀನ ಕಳೀಬ್ಯಾಡ.” ಆಮೇಲೆ ಹೊರಗೆ ಬಂದು ನನಗೆ ಸಮಜಾಯಿಷಿ ಕೊಟ್ಟರು. “ನೋಡ್ರಿ ಅಕ್ಕೋರ. ಗಟ್ಟಿ ಮೈ. ಮಾತು ಕಡಿಮಿ. ಎಷ್ಟು ಹೊರಸಿದ್ರೂ ಹೊರತೈತಿ. ಹಿಂದಿನಿಂದ ಹ್ವಾದ್ರ ಒದೀತೈತಿ. ನನಗ ಬ್ಯಾರೆ ಹೆಸರು ಹ್ಯಾಂಗ ನೆನಪಿಗೆ ಬರಬೇಕ್ರಿ?”

ಇದಾದ ಮೇಲೆ ಒಂದು ಸಂಜೆ, ನಾನು ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದಾಗ, ಕೇಳದೆಯೇ ಹೇಳಿದರು. ಹಿಮದ ಬಿರುಗಾಳಿಗೆ ಸಿಕ್ಕು, ಕಣ್ಣು ಕಾಣದಂತಾಗಿ, ದಾರಿ ತಪ್ಪಿ ಕೂತುಬಿಟ್ಟಿದ್ದರಂತೆ. ನೀಲವ್ವ ಹೋಗಲೂ ಇಲ್ಲ, ಬಿಡಲೂ ಇಲ್ಲ. ಮೂತಿಯಿಂದ ನೂಕಿ ನೂಕಿ ಎಬ್ಬಿಸಿ ಠಾಣೆಗೆ ಕರೆದುಕೊಂಡು ಹೋಯಿತಂತೆ. “ಹಗ್ಗಾ ನಾ ಹಿಡದಿದ್ನೋ, ಅದ ನನ್ನ ಹಿಡದಿತ್ತೋ, ಗೊತ್ತಿಲ್ರಿ” ಎಂದರು. ಭಜಿ ಇಲ್ಲದೆ ಹೇಳಿದ ಕತೆ ಅದೊಂದೇ. ಹಾಗಾಗಿ ನಂಬಿದೆ.

ಗೋಡೆಯ ಪ್ರಸಂಗ ಶುರುವಾದದ್ದು ನನ್ನ ನಿವೃತ್ತಿಯ ಹಿಂದಿನ ವರ್ಷ. ತಾಲೂಕಿನ ಮಾಜಿ ಸೈನಿಕರ ಸಂಘದವರು ಬಂದು, ನಿಮ್ಮ ಶಾಲೆಯ ಕಾಂಪೌಂಡ್ ಗೋಡೆಯ ಮೇಲೆ ನಮ್ಮ ಭಾಗದ ಸೈನಿಕರ ಚಿತ್ರ ಬರೆಸುತ್ತೇವೆ, ಒಪ್ಪಿಗೆ ಕೊಡಿ ಎಂದರು. ಕುಣಿದಾಡುವಷ್ಟು ಸಂತೋಷವಾಯಿತು. ದೇಶಭಕ್ತಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಮುಖ್ಯ ಕಾರಣ ಬೇರೆ. ಆ ಗೋಡೆ ರಸ್ತೆಗೆ ಹೊಂದಿಕೊಂಡಿದೆ, ಮತ್ತು ಊರಿನ ಗಂಡಸರು ಅದನ್ನು ಯಾವುದಕ್ಕೆ ಬಳಸುತ್ತಿದ್ದರೆಂಬುದನ್ನು ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ಬಿಡಿಸಿ ಹೇಳಬೇಕಾಗಿಲ್ಲ. ದೇವರ ಪಟ ಹಚ್ಚಿಸಿದ್ದೆ. ದೇವರಿಗೆ ಬೆನ್ನು ತಿರುಗಿಸಿ ಎರಡು ಹೆಜ್ಜೆ ಆಚೆ ಹೋಗಿ ಕೆಲಸ ಮುಗಿಸಿದರು. ಒಂದು ಕತ್ತೆಯ ಚಿತ್ರ ಬರೆಸಿ, ಕೆಳಗೆ ‘ಇಲ್ಲಿ ನಿಲ್ಲುವವನು ಇದೇ’ ಎಂದು ಬರೆಸಿದೆ. ಕತ್ತೆಯ ಮೇಲೇ ಹೊಯ್ದರು. ಬಂದೂಕು ಹಿಡಿದವರು ಸಾಲಾಗಿ ನಿಂತರೆ ಹೆದರಿಯಾರು ಎಂದುಕೊಂಡು ಆ ಕ್ಷಣವೇ ಒಪ್ಪಿಬಿಟ್ಟೆ.

ಸಂಘದ ಅಧ್ಯಕ್ಷರು ಜಕ್ಕಲಿಯ ಸುಬೇದಾರ್ ಸಾಹೇಬರು. ತೋಪಿನ ಪಡೆಯಲ್ಲಿದ್ದವರು. ನಕ್ಕರೆ ಶಿಸ್ತು ಕೆಡುತ್ತದೆಂದು ನಗುತ್ತಿರಲಿಲ್ಲ. ಚಿತ್ರ ಬರೆಯಲು ಕರೆಸಿದ್ದು ಪೇಂಟರ್ ಚಾಚಾ ಅವರನ್ನು. ಫ್ಲೆಕ್ಸ್ ಬರುವ ಮೊದಲು ರೋಣ, ನರಗುಂದ, ಗಜೇಂದ್ರಗಡದ ಅರ್ಧ ಬೋರ್ಡುಗಳು ಚಾಚಾ ಅವರ ಕೈಯವೇ. ಗುಡಿಯ ಬಸವಣ್ಣನಿಗೂ ಅವರದೇ ಬಣ್ಣ, ಉರುಸಿನ ಕಮಾನಿಗೂ ಅವರದೇ ಬಳ್ಳಿ. ಅವರದೊಂದು ಪದ್ಧತಿ ಇತ್ತು. ಮುಖ ಪೂರ್ತಿ ಬರೆದು ಕಣ್ಣು ಮಾತ್ರ ಖಾಲಿ ಬಿಡುತ್ತಿದ್ದರು. ಮನೆಯವರು ಬಂದು ನೋಡಿ “ಹೌದು, ಇವರ” ಎಂದು ಒಪ್ಪಿದ ಮೇಲೆ, ಅವರೆದುರಿಗೇ ಕಣ್ಣು ಬಿಡಿಸಬೇಕು. “ಮನಿಯವರು ಒಪ್ಪದ ಮುಖಕ್ಕ ಕಣ್ಣು ಕೊಟ್ರ, ಅದು ದಿನಾ ನನ್ನ ದಿಟ್ಟಿಸಿ ನೋಡ್ತೈತ್ರೀ ಮೇಡಂ” ಎನ್ನುತ್ತಿದ್ದರು. ಹೀಗಾಗಿ ಕೆಲವು ವಾರ ನಮ್ಮ ಗೋಡೆಯ ಮೇಲೆ ಕಣ್ಣಿಲ್ಲದ ಸೈನಿಕರು ಸಾಲಾಗಿ ಬಂದೂಕು ಹಿಡಿದು ನಿಂತಿದ್ದರು. ಯಾರ ಕಡೆ ಗುರಿ ಇಟ್ಟಿದ್ದಾರೆಂದು ತಿಳಿಯದೆ ಗಂಡಸರು ಆ ರಸ್ತೆ ಬಿಟ್ಟೇ ಹೋಗತೊಡಗಿದರು. ನನ್ನ ಕೆಲಸ ಅರ್ಧಕ್ಕರ್ಧ ಆಗಿತ್ತು.

ಕಾಕಾರ ಹೆಸರೂ ಪಟ್ಟಿಯಲ್ಲಿತ್ತು. ಅವರು ಒಂದೇ ಮಾತು ಹೇಳಿದರು: “ನನ್ನ ಬರಿಯೋದಾದ್ರ ನೀಲವ್ವನ ಜೋಡಿ ಬರೀರಿ. ಇಲ್ಲಂದ್ರ ಬ್ಯಾಡ.” ಎಲ್ಲರೂ ನಕ್ಕರು, ನಾನೂ ನಕ್ಕೆ. ಜೀವಮಾನವೆಲ್ಲ ತಮಾಷೆ ಮಾಡಿದವರ ಕಷ್ಟ ಇದು. ಖರೇ ಮಾತಾಡಿದರೂ ಜನ ಮುಂದಿನ ನಗೆಗೆ ಕಾಯುತ್ತ ನಿಲ್ಲುತ್ತಾರೆ. ಚಾಚಾ ಒಬ್ಬರು ನಗಲಿಲ್ಲ. ಕುಂಚ ಅದ್ದಿ, “ಹ್ಯಾಂಗಿತ್ತು, ಹೇಳ್ರಿ” ಎಂದರು.

ಚಾಚಾ ತಮ್ಮ ಜನ್ಮದಲ್ಲಿ ಹೇಸರಗತ್ತೆ ಕಂಡವರಲ್ಲ. ಆದರೆ ಗುಡಿಗಳಿಗೆ, ಚಕ್ಕಡಿಗಳಿಗೆ, ಗೊಬ್ಬರದ ಅಂಗಡಿಗಳಿಗೆ ಎತ್ತು ಬರೆದು ಬರೆದು ಕೈ ಪಳಗಿತ್ತು. ಕಾಕಾ ನಾಲ್ಕು ಕಾಲು ಎಂದ ಕೂಡಲೇ ಕೈ ತನ್ನ ದಾರಿ ಹಿಡಿಯಿತು. ಮರುದಿನ ನೋಡಿದರೆ ಗೋಡೆಯ ಮೇಲಿನ ನೀಲವ್ವನಿಗೆ ಬೆನ್ನ ಮೇಲೆ ಡುಬ್ಬ, ಕೊರಳ ಕೆಳಗೆ ಜೋತುಬಿದ್ದ ಗಂಗೆದೊಗಲು, ಸೀಳು ಗೊರಸು, ಕೊರಳಲ್ಲಿ ಗೆಜ್ಜೆಸರ. ಕಿವಿ ಮಾತ್ರ ಉದ್ದ. ಕಾಕಾ ಬಹಳ ಹೊತ್ತು ನೋಡಿ, “ಚಾಚಾ, ಎರಡು ಕೋಡು ಹಚ್ಚಿಬಿಡ್ರಿ. ಗಜೇಂದ್ರಗಡದ ಸಂತಿಗೆ ಹೊಡಕೊಂಡು ಹೋಗಿ ಮಾರಿ ಬರೋಣು” ಎಂದರು.

ತಿದ್ದುವ ಉಪಾಯವನ್ನೂ ಅವರೇ ತಂದರು. ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಬರುತ್ತೇನೆ, ಶಾಲೆಯ ಗೇಟಿನ ಮುಂದೆ ಅಗಸರ ಕತ್ತೆ ಒಂದು, ಗಜೇಂದ್ರಗಡದಿಂದ ತರಿಸಿದ ಮದುವೆ ಮೆರವಣಿಗೆಯ ಬಿಳಿ ಕುದುರೆ ಒಂದು, ಅಕ್ಕಪಕ್ಕ ನಿಂತಿವೆ. ಕುದುರೆಯ ಹಣೆಗೆ ಹಿಂದಿನ ದಿನದ ಬಾಸಿಂಗ ಇನ್ನೂ ಇತ್ತು. ಕಾಕಾ ನಡುವೆ ನಿಂತು ಚಾಚಾಗೆ ಪಾಠ ಮಾಡುತ್ತಿದ್ದರು. “ಇದು ಅಪ್ಪ, ಇದು ಅವ್ವ. ಕಿವಿ ಅಪ್ಪಂದು ತಗೋರಿ, ಮೈ ಅವ್ವಂದು ತಗೋರಿ. ಬಾಲ ಇಬ್ಬರಿಗೂ ಜಗಳ ಬರದಂಗ ನಡುವಿಂದು ತಗೋರಿ.” ಇಡೀ ಶಾಲೆಯ ಹುಡುಗಿಯರು ಕಿಟಕಿಗಳಲ್ಲಿ ಜೋತು ಬಿದ್ದಿದ್ದರು. ನಾನು ಗದರಲು ಹೋದೆ. ಕಾಕಾ ಸೆಲ್ಯೂಟ್ ಹೊಡೆದು, “ಕರ್ನಲ್ ಸಾಬ್, ನಿಮ್ಮ ವಿಜ್ಞಾನದ ಪಾಠ. ಫುಕಟ್” ಎಂದರು. ಅಷ್ಟರಲ್ಲಿ ಕತ್ತೆ ನನ್ನ ಕೈಯ ಹಾಜರಿ ಪುಸ್ತಕದ ಮೂಲೆ ತಿಂದಿತ್ತು.

ಅಂತೂ ನೀಲವ್ವ ನೀಲವ್ವನಾದಳು. ಕಂದು ಮೈ, ಬೆನ್ನ ಮೇಲೆ ಎರಡು ಮೂಟೆ, ಪಕ್ಕದಲ್ಲಿ ಹಗ್ಗ ಹಿಡಿದ ಕಾಕಾ. ಇಬ್ಬರಿಗೂ ಕಣ್ಣು ಬಾಕಿ. ಆ ಸಂಜೆ ಸುಬೇದಾರ್ ಸಾಹೇಬರು ಬಂದು ನೋಡಿ, ಮೀಸೆಯ ತುದಿಯವರೆಗೂ ಕೆಂಪಾದರು. ಮಾರನೆಯ ದಿನ ನಮ್ಮ ಸ್ಟಾಫ್ ರೂಮಿನಲ್ಲೇ ಸಂಘದ ಸಭೆ ಕೂಡಿತು.

“ಮೊದಲ ಈ ಗೋಡಿ ಮ್ಯಾಲ ಒಂದು ಕತ್ತಿ ಚಿತ್ರಾ ಇತ್ತು” ಎಂದರು ಸುಬೇದಾರರು. “ಅದು ಯಾಕಿತ್ತು ಅನ್ನೋದು ಊರಿಗೆಲ್ಲಾ ಗೊತ್ತೈತಿ. ಈಗ ಮತ್ತ ಒಂದು ಕತ್ತಿ ಬಂದ್ರ ಮಂದಿ ಏನ ತಿಳ್ಕೊಂತಾರ? ಹೊಳೆಮಣ್ಣೂರಿನ ನಮ್ಮ ಹುತಾತ್ಮ ಹುಡುಗನ ಬಾಜೂಕ ಕತ್ತಿ ನಿಲ್ಲಸ್ತೀರಿ? ಅದು ಗೋಡಿ ಮ್ಯಾಲ ಇದ್ರ ನಾ ಗೋಡಿಯಿಂದ ಇಳೀತೇನಿ.”

ನನಗೆ ನಗು ಬಂತು, ಆದರೆ ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಗೋಡೆಯ ಪೂರ್ವಾಶ್ರಮ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಕಾಕುವೂ ಸುಬೇದಾರರ ಪಕ್ಷ. ಕರೆಯದಿದ್ದರೂ ಬಂದು ಬಾಗಿಲಲ್ಲಿ ನಿಂತಿದ್ದರು. “ಚಿತ್ರದ ಕೆಳಗ ಹೆಸರು ಬರೀತಾರಂತ್ರಿ. ನಮ್ಮವ್ವನ ಹೆಸರು ಅಲ್ಲಿ ಬಂದ್ರ ನಮ್ಮ ತವರಮನಿಯವರು ನನ್ನ ಬಾಗಲಾ ತುಳಿಯಂಗಿಲ್ಲ.”

ಕಾಕಾ ಎದ್ದು ನಿಂತರು. ಮಂಕಿ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಅವರ ತಲೆ ಪೂರ್ತಿ ಬೆಳ್ಳಗಾಗಿರುವುದನ್ನು ನಾನು ನೋಡಿದ್ದು ಅಂದೇ.

“ಸಾಬ್, ಅಲ್ಲಿ ನಾ ಏನು ಮಾಡೇನ್ರಿ? ಹಗ್ಗಾ ಹಿಡದೇನಿ, ಅಷ್ಟ. ಹೊತ್ತದ್ದು ಅದು. ಹೊತ್ತದ್ದನ್ನ ಬಿಟ್ಟು ಹಗ್ಗಾ ಹಿಡದಾವನ್ನ ಗೋಡಿಗೇರಿಸಿದ್ರ, ನಾ ದಿನಾ ಆ ರಸ್ತಾದಾಗ ಯಾವ ಮುಖಾ ಹೊತ್ತು ಅಡ್ಡಾಡ್ಲಿ?”

ಯಾರೂ ನಗಲಿಲ್ಲ. ಆದರೆ ತೀರ್ಮಾನವೂ ಬದಲಾಗಲಿಲ್ಲ. ಕಾಕಾ ಒಬ್ಬರೇ ಇರಲಿ, ಕೈಗೆ ಬಂದೂಕು ಕೊಡೋಣ, ಹೇಸರಗತ್ತೆಗೆ ಸುಣ್ಣ ಬಳಿಯೋಣ ಎಂದಾಯಿತು.

ಸುಣ್ಣ ಬಳಿಯುವ ದಿನ ಕಾಕಾ ಬೆಳಿಗ್ಗೆಯೇ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ನೀಲವ್ವನ ಮುಂದೆ ಹಾಕಿ ಕೂತುಬಿಟ್ಟರು. ಸುಬೇದಾರರು ಸುಣ್ಣದ ಡಬ್ಬಿಯವನನ್ನು ಕರೆದುಕೊಂಡು ಬಂದು, “ಏಳ್ರಿ ಹವಾಲ್ದಾರ, ಆರ್ಡರ್ ಐತಿ” ಎಂದರು. “ಸಾಬ್, ಪಿನ್ಶನ್ ಆದ ಮ್ಯಾಲ ಆರ್ಡರ್ ನಡಿಯಂಗಿಲ್ರಿ. ನಮ್ಮ ಮನ್ಯಾಗ ನನ್ನ ಆರ್ಡರ ನಡಿಯಂಗಿಲ್ಲ, ರಸ್ತಾದಾಗ ನಿಮ್ಮದು ಹ್ಯಾಂಗ ನಡದೀತು?” ಎಂದು ಕಾಕಾ ಕಾಲ ಮೇಲೆ ಕಾಲು ಹಾಕಿದರು. ನೋಡಲು ಮಂದಿ ಸೇರಿತು. ಮಧ್ಯಾಹ್ನ ಕಾಕು ರೊಟ್ಟಿ, ಝುಣಕದ ಬುತ್ತಿ ತಂದರು. “ನಮ್ಮವ್ವನ ಸಲುವಾಗಿ ಅಲ್ಲ. ಉಪವಾಸ ಸತ್ರ ಮಂದಿ ನನ್ನ ಬೈತಾರಂತ ತಂದೇನಿ” ಎಂದು ಎಲ್ಲರಿಗೂ ಕೇಳುವಂತೆ ಸಾರಿ, ಅಲ್ಲೇ ಪಕ್ಕದಲ್ಲಿ ಕೂತರು.

ಆಗ ಹೊಳೆಮಣ್ಣೂರಿನ ಅವ್ವ ಬಂದಳು. ನಮ್ಮ ಗೋಡೆಯ ಮೇಲೆ ಹುತಾತ್ಮನೆಂದು ಇದ್ದದ್ದು ಒಬ್ಬನೇ ಹುಡುಗ, ಈಕೆಯ ಮಗ. ಎಲ್ಲೋ ಮೇಲಿನ ಹಿಮದ ಠಾಣೆಯಲ್ಲಿ ತೀರಿಕೊಂಡವನು. ಅವನಿಗೆ ಕಣ್ಣು ಬಿಡಿಸಬೇಕೆಂದು ಚಾಚಾ ಹೇಳಿಕಳಿಸಿದ್ದರು. ಹೊಲದ ಕೂಲಿ ಬಿಟ್ಟು, ಕೈಕಾಲಿನ ಮಣ್ಣನ್ನು ಅವಸರದಲ್ಲಿ ತೊಳೆದುಕೊಂಡು ಬಸ್ಸು ಹತ್ತಿ ಬಂದಿದ್ದಳು. ಮಗನ ಮುಂದೆ ನಿಂತು ನೋಡಿ, “ಎಲ್ಲಾ ಬರೋಬರಿ ಐತ್ರಿ. ಗಲ್ಲದ ಮ್ಯಾಲಿನ ಈ ಕಲಿ ಮಾತ್ರ ನನ್ನ ಮಗಗ ಇದ್ದಿಲ್ಲ. ಅದು ಹೊಳಿ ನೀರಿಂದ್ರಿ. ಹೊಳಿ ಮನಿಯೊಳಗ ಹೊಕ್ಕಾಗ ಫೋಟೋ ತೊಯ್ದಿತ್ತು” ಎಂದಳು. ಫೋಟೋದ ನೀರಿನ ಗುರುತನ್ನು ಚಾಚಾ ಹುಟ್ಟುಮಚ್ಚೆ ಎಂದು ತಿಳಿದು ಬರೆದಿದ್ದರು. ಕಿವಿ ಹಿಡಿದುಕೊಂಡು, ಬಟ್ಟೆಯಿಂದ ಒರೆಸಿ, ಕಣ್ಣು ಬಿಡಿಸಿದರು. ಅವ್ವ ಮಗನ ಕಣ್ಣು ನೋಡಿದಳು. ನಾವೆಲ್ಲ ಬೇರೆ ಕಡೆ ನೋಡಿದೆವು.

ಪಕ್ಕದ ಹೇಸರಗತ್ತೆಯನ್ನೂ ಸುಣ್ಣದ ಡಬ್ಬಿಯನ್ನೂ ನೋಡಿ ಅವಳೇ ಕೇಳಿದಳು. “ಇದನ್ಯಾಕ್ರಿ ಅಳಸಾಕತ್ತೀರಿ?”

“ಯೋಧರ ಸಾಲಿನಾಗ ಜಾನವಾರ ಬ್ಯಾಡಂತ, ಅವ್ವಾ” ಎಂದರು ಸುಬೇದಾರರು.

“ಇದು ಏನು ಮಾಡ್ತಿತ್ತು?”

ಕಾಕಾ ಕುರ್ಚಿಯಿಂದ ಎದ್ದರು. “ಮ್ಯಾಲ ಇದ್ದ ಹುಡುಗರಿಗೆ ಅಕ್ಕಿ ಒಯ್ತಿತ್ತವಾ. ಎಣ್ಣಿ ಒಯ್ತಿತ್ತು. ಮನಿಯಿಂದ ಬಂದ ಉಂಡಿ, ಚಕ್ಕುಲಿ ಒಯ್ತಿತ್ತು.”

“ಬರೋಮುಂದ ಖಾಲಿ ಬರ್ತಿತ್ತೇನು?”

ಎಂಥ ಪ್ರಶ್ನೆಗೂ ಉತ್ತರ ಇಟ್ಟುಕೊಂಡಿದ್ದ ಕಾಕಾ ತಿರುಗಿ ಕುರ್ಚಿ ಬದಿಗೆ ಸರಿಸತೊಡಗಿದರು. ಉತ್ತರ ಕೊಟ್ಟವರು ಸುಬೇದಾರರು. ದನಿ ಇಳಿದಿತ್ತು. “ಯಾವಾಗ್ಲೂ ಖಾಲಿ ಬರ್ತಿದ್ದಿಲ್ಲವಾ. ಹೆಲಿಕಾಪ್ಟರ್ ಇಳಿಯದ ಕಡೆ, ಗಾಯ ಆದವರನ್ನ ಇವ ತರ್ತಿದ್ವು. ತೀರಿಕೊಂಡವರನ್ನೂ ಇವ ತರ್ತಿದ್ವು.”

ಅವ್ವ ಹೇಸರಗತ್ತೆಯ ಹತ್ತಿರ ಹೋದಳು. “ನನ್ನ ಮಗಾ ಹುಬ್ಬಳ್ಳಿತನಕ ಇಮಾನದಾಗ ಬಂದ. ಊರಿಗೆ ಗಾಡ್ಯಾಗ ಬಂದ. ಗುಡ್ಡದ ಮ್ಯಾಲಿಂದ ಕೆಳಗ ಹ್ಯಾಂಗ ಬಂದ ಅಂತ ನನಗ ಯಾರೂ ಹೇಳಲಿಲ್ರಿ. ಅಷ್ಟು ಥಂಡ್ಯಾಗ, ಒಬ್ಬನ ಬಂದ್ನೋ, ಯಾರರ ಜೋಡಿ ಇದ್ರೋ. ಅದ ಒಂದು ವಿಚಾರಾ ನನಗ” ಎಂದಳು. ಆಮೇಲೆ, “ಇದರ ಹೆಸರೇನ್ರಿ?” ಎಂದು ಕೇಳಿದಳು.

ಕಾಕಾ ಕಾಕುವಿನ ಕಡೆ ನೋಡಿದರು. ಕಾಕು ಬುತ್ತಿಯ ಬಟ್ಟೆ ಮಡಚುತ್ತಿದ್ದವರು, “ನೀಲವ್ವ ಅಂತವಾ. ನಮ್ಮ ತಾಯಿ ಹೆಸರು” ಎಂದರು.

ಆಗ ಕಾಕಾ ಬಾಯಿ ಬಿಟ್ಟರು. “ಒಬ್ಬನ ಬಂದಿಲ್ಲವಾ ನಿನ್ನ ಮಗಾ. ಈ ನೀಲವ್ವನ ಮಗಳು ಆ ಕಡೆನ ಇತ್ತು. ನಾ ರಿಟೈರ್ ಆಗೋಮುಂದ ಸಣ್ಣದಿತ್ತು. ಅದ ತಂದದ್ದು ಅವನ್ನ. ಅವ್ವನಕಿಂತಾ ಶಾಣ್ಯಾ ಅದು. ಒಂದು ಕಲ್ಲಿಗೆ ಎಡವಂಗಿಲ್ಲ. ಬೆನ್ನ ಮ್ಯಾಲ ಇದ್ದಾವಗ ಒಂದೀಟು ಅಲುಗಸಂಗಿಲ್ಲ. ಮೈ ಬೆಚ್ಚಗ ಇರತೈತಿ ಅವಕ್ಕ.”

ಹೇಸರಗತ್ತೆಗೆ ಮರಿಯಾಗುವುದಿಲ್ಲ. ಅಪ್ಪ ಕತ್ತೆ, ಅವ್ವ ಕುದುರೆ, ಅದರ ವಂಶ ಅದರೊಂದಿಗೇ ಮುಗಿಯುತ್ತದೆ. ಇದನ್ನು ನಾನು ವರ್ಷವೂ ಹುಡುಗಿಯರಿಗೆ ಕಲಿಸುತ್ತಿದ್ದೆ. ಅದೇ ಗೇಟಿನ ಒಳಗೆ, ಅದೇ ಗೋಡೆಯ ಆಚೆ. ಕಾಕಾರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಸುಬೇದಾರರಿಗೂ ಗೊತ್ತಿತ್ತು. ಕಾಕಾ ನನ್ನ ಕಡೆ ನೋಡಿದ ನೋಟದಲ್ಲಿ ಬೇಡಿಕೊಳ್ಳುವುದೂ ಇತ್ತು, ಬಾಯಿ ತೆಗೆದರೆ ನೋಡಿ ಎಂಬ ಬೆದರಿಕೆಯೂ ಇತ್ತು. ತರಗತಿಯಲ್ಲಿ ಒಂದು ತಪ್ಪು ಉತ್ತರ ಕೇಳಿದರೆ ಕೈ ತುರಿಸುವ ನಾನು ಸೆರಗು ಹೊದ್ದು ಸುಮ್ಮನೆ ನಿಂತೆ.

“ಹಂಗಾರ ನಮಗ ಬಳಗಾ ಆತ್ರಿ ಇದು” ಎಂದಳು ಅವ್ವ. “ಅಳಸಬ್ಯಾಡ್ರಿ. ನನ್ನ ಮಗನ ಬಾಜೂಕನ ಇರ್ಲಿ.”

ಸುಬೇದಾರರು ಸುಣ್ಣದ ಡಬ್ಬಿಯವನಿಗೆ ಹೋಗೆಂದು ಸನ್ನೆ ಮಾಡಿದರು. ಚಾಚಾ ಕುಂಚ ಹಿಡಿದು ತಮ್ಮ ಪದ್ಧತಿ ಬಿಡದೆ ಕೇಳಿದರು: “ಇದಕ್ಕ ಕಣ್ಣು ಬಿಡಿಸಬೇಕು. ಹೌದು ಅನ್ನಾಕ ಇದರ ಮನಿಯವರು ಯಾರು?” ಎಲ್ಲರೂ ಕಾಕುವಿನ ಕಡೆ ತಿರುಗಿದರು. ಕಾಕು ಎದ್ದು, ಸೆರಗು ಸರಿ ಮಾಡಿಕೊಂಡು, ನೀಲವ್ವನನ್ನು ಮೇಲಿಂದ ಕೆಳಗೆ ಪರೀಕ್ಷಿಸಿ, “ಕಿವಿ ಸ್ವಲ್ಪ ದೊಡ್ಡವಾಗ್ಯಾವು. ಉಳದದ್ದು ಹೌದು” ಎಂದರು. ಸುಬೇದಾರ್ ಸಾಹೇಬರು ನಕ್ಕದ್ದನ್ನು ಅಂದು ಊರು ನೋಡಿತು.

ಸ್ವಾತಂತ್ರ್ಯ ದಿನದಂದು ಗೋಡೆಯ ಉದ್ಘಾಟನೆ ಆಯಿತು. ಬಂದ ಮುಖ್ಯ ಅತಿಥಿಗಳು ಒಬ್ಬೊಬ್ಬರ ಹೆಸರನ್ನೇ ಮೈಕಿನಲ್ಲಿ ಓದುತ್ತ, ‘ಶ್ರೀಮತಿ ನೀಲವ್ವ’ ಎಂದು ಗೌರವದಿಂದ ಓದಿ, ಆಮೇಲೆ ತಲೆ ಎತ್ತಿ ನೋಡಿ ನೀರು ಕುಡಿದರು. ‘ಶ್ರೀಮತಿ’ ಎಂದು ಬರೆಸಿದ್ದು ಯಾರೆಂದು ನಾನು ವಿಚಾರಿಸಲಿಲ್ಲ. ಮಂಕಿ ಟೋಪಿ ಗುಂಪಿನ ಹಿಂದೆ ಅಲುಗುತ್ತಿತ್ತು. ಅಂದಿನಿಂದ ಹೊಳೆಮಣ್ಣೂರಿನ ಅವ್ವ ರೋಣದ ಸಂತೆಗೆ ಬಂದಾಗಲೆಲ್ಲ ಮಗನ ಹಣೆಗೆ ಕುಂಕುಮ ಹಚ್ಚಿ, ನೀಲವ್ವನ ಬಾಯಿಗೆ ಒಂದು ಚೂರು ಬೆಲ್ಲ ಮೆತ್ತುತ್ತಾಳೆ. ಇರುವೆ ಸಾಲುಗಟ್ಟಿ ಬಣ್ಣ ಕೆಡಿಸುತ್ತವೆಂದು ಚಾಚಾ ಗೊಣಗುತ್ತಾರೆ, ತಿಂಗಳಿಗೊಮ್ಮೆ ಮೂತಿಗೆ ಹೊಸ ಬಣ್ಣ ಹಚ್ಚುತ್ತಾರೆ. ಇನ್ನು ಆ ಗೋಡೆಯ ಮುಂದೆ ಗಂಡಸರು ನಿಲ್ಲುವುದು ಪೂರ್ತಿ ಬಂದ್ ಆಗಿದೆ. ಅದು ಬಂದೂಕಿನ ಭಯಕ್ಕೋ, ನೀಲವ್ವನ ಒದಿಕೆಯ ಭಯಕ್ಕೋ, ನನಗೆ ಗೊತ್ತಿಲ್ಲ.

ಕಾಕಾ ಹೋದ ಮೂರನೆಯ ದಿನ ಆ ಅವ್ವ ಮಾತಾಡಿಸಲು ಬಂದಿದ್ದಳು. ಕಾಕುವಿನ ಕೈ ಹಿಡಿದು ಸ್ವಲ್ಪ ಹೊತ್ತು ಕೂತು, ಆಮೇಲೆ ಕಟ್ಟೆಯ ಮೇಲೆ ನನ್ನ ಪಕ್ಕಕ್ಕೆ ಬಂದಳು. ಸಾಲಿ ಕಲಿತವರು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ಅವಳದು.

“ಅಕ್ಕೋರ, ಹವಾಲ್ದಾರ್ ಅಣ್ಣಾರನ್ನ ಕೇಳಬೇಕಂತ ಮಾಡಿದ್ದೆ. ಕೇಳೋದರಾಗ ಹ್ವಾದ್ರು. ಆ ನೀಲವ್ವನ ಮಗಳು ಈಗ ಎಲ್ಲೈತ್ರಿ? ಆರಾಮ ಐತೇನ್ರಿ?”

ಒಳಗೆ ಕಾಕು ಅಳು ನಿಲ್ಲಿಸಿ ಕಿವಿಗೊಟ್ಟದ್ದು ನನಗೆ ಗೊತ್ತಾಯಿತು.

“ಆರಾಮ ಐತವಾ” ಎಂದೆ. “ಅದಕ್ಕೂ ಪಿನ್ಶನ್ ಆಗೇತಿ. ಈಗ ಅದರ ಮರಿ ನೌಕರಿ ಮಾಡಾಕತ್ತಾವ.”

“ಹೌದೇನ್ರಿ! ಎಷ್ಟು ಮರಿ?”

“ಎರಡು” ಎಂದೆ. “ಒಂದು ಗಂಡು, ಒಂದು ಹೆಣ್ಣು.”